ಕೆಸರಿನಲ್ಲಿ ಕಾಡು ಹುಡುಕಿದ ಬೀರಬಲ್ ಸಾಹ್ನಿ



ಬೀರಬಲ್ ಅಂದ ಕೂಡಲೇ ನಿಮಗೆಲ್ಲ ಅಕ್ಬರನ ಆಸ್ಥಾನದ ಜಾಣ ಬೀರಬಲ್ಲನ ನೆನಪು ಬರುತ್ತದೆ. ನನಗೂ ಹಾಗೇ ಆಯಿತು. ಈ ಸಲದ ಗೋಡೆ ಪತ್ರಿಕೆಗೆ ಒಬ್ಬೊಬ್ಬರೂ ಒಬ್ಬ ವಿಜ್ಞಾನಿಯ ಜೀವನ ಚರಿತ್ರೆ ಬರೆಯಬೇಕು ಅಂತ ವಿಜ್ಞಾನದ ಮೇಷ್ಟ್ರು ಚೀಟಿ ಎತ್ತಿಸಿದರು. ನನ್ನ ಚೀಟಿಯಲ್ಲಿ ಬೀರಬಲ್ ಸಾಹ್ನಿ ಎಂದಿತ್ತು. ಗಟ್ಟಿಯಾಗಿ ಓದಿದಾಗ ಎಲ್ಲರೂ ನಕ್ಕರು. ಸಿ.ವಿ. ರಾಮನ್, ಜಗದೀಶಚಂದ್ರ ಬೋಸ್ ಹೆಸರು ಬಂದವರು ಕುಣಿದಾಡಿದರು. ನನಗೆ ಅಳು ಬರುವ ಹಾಗಾಗಿತ್ತು. ಚೀಟಿ ಬದಲಾಯಿಸಿಕೊಡಿ ಅಂತ ಕೇಳಿದೆ, ಮೇಷ್ಟ್ರು ಒಪ್ಪಲಿಲ್ಲ. ಈಗ ಕೇಳಿದರೆ ನಾನೇ ಕೊಡುವುದಿಲ್ಲ.

ಈ ಬೀರಬಲ್ ಹುಟ್ಟಿದ್ದು 1891ರ ನವೆಂಬರ್ 14ರಂದು. ಹೌದು, ಮಕ್ಕಳ ದಿನಾಚರಣೆಯ ದಿನವೇ. ಚಾಚಾ ನೆಹರೂ ಅವರಿಗಿಂತ ಸರಿಯಾಗಿ ಎರಡು ವರ್ಷ ಚಿಕ್ಕವರು. ನಾವು ಪ್ರತಿ ವರ್ಷ ಆ ದಿನ ಸಿಹಿ ತಿನ್ನುತ್ತೇವೆ, ಆದರೆ ಇವರ ಹೆಸರು ಒಬ್ಬರೂ ಹೇಳುವುದಿಲ್ಲ.

ಅವರ ಊರು ಪಂಜಾಬಿನ ಭೇರಾ. ಝೀಲಂ ನದಿಯ ದಂಡೆಯಲ್ಲಿದೆ. 1947ರಲ್ಲಿ ದೇಶ ಇಬ್ಭಾಗವಾದಾಗ ಅದು ಪಾಕಿಸ್ತಾನಕ್ಕೆ ಸೇರಿತು. ಆ ಊರಿನಿಂದ ಸ್ವಲ್ಪ ದೂರದಲ್ಲೇ ಉಪ್ಪಿನ ಬೆಟ್ಟಸಾಲು ಶುರುವಾಗುತ್ತದೆ. ಬೆಟ್ಟದ ಹೊಟ್ಟೆಯಲ್ಲಿ ಉಪ್ಪಿನ ಬಂಡೆ ಇದೆ. ಅಜ್ಜಿಯರು ಹೊಟ್ಟೆನೋವಿಗೆ ಕೊಡುವ ಸೈಂಧವ ಲವಣ ಅಂದರೆ ಇಂಥ ಬಂಡೆಯುಪ್ಪೇ. ಅಲ್ಲಿನ ಖೇವ್ಡಾ ಗಣಿ ಬಹಳ ಹೆಸರುವಾಸಿ. ಈ ಉಪ್ಪಿನ ಬೆಟ್ಟವನ್ನು ಎಲ್ಲರೂ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ತಂದೆ ರುಚಿರಾಮ್ ಸಾಹ್ನಿ. ಅವರು ಮೊದಲು ಹವಾಮಾನ ಇಲಾಖೆಯಲ್ಲಿದ್ದು, ನಂತರ ಲಾಹೋರಿನ ಸರ್ಕಾರಿ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾದರು. ಊರೂರಿಗೆ ಹೋಗಿ ಜನರಿಗೆ ಅರ್ಥವಾಗುವ ಮಾತಿನಲ್ಲಿ ವಿಜ್ಞಾನ ಹೇಳುತ್ತಿದ್ದರು. ತಾಯಿ ಈಶ್ವರದೇವಿ. ರಜಾ ಬಂದರೆ ಆ ಅಪ್ಪ ಮಕ್ಕಳನ್ನು ಕಟ್ಟಿಕೊಂಡು ಹಿಮಾಲಯ ಹತ್ತಲು ಹೊರಡುತ್ತಿದ್ದರಂತೆ. ನಮಗೆ ರಜಾ ಅಂದರೆ ಅಜ್ಜಿ ಮನೆ, ಅವರಿಗೆ ಹಿಮದ ಬೆಟ್ಟ. 1911ರಲ್ಲಿ ಕಾಶ್ಮೀರದ ಜೋಜಿ ಲಾ ಕಣಿವೆ ದಾಟಿ ದ್ರಾಸ್ ಕಡೆ ಹೋದಾಗ ಬೀರಬಲ್ ಮಚೋಯಿ ಹಿಮನದಿಯ ಮೇಲೆ ಕೆಂಪು ಹಿಮ ಕಂಡರು. ಹಿಮ ಕೆಂಪಗೆ ಹೇಗಿರುತ್ತೆ ಅಂತ ನೀವು ಕೇಳಬಹುದು. ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಬೆಳೆದಿರುತ್ತದೆ, ಅದರ ಬಣ್ಣ ಕೆಂಪು. ಅವರು ಅದನ್ನು ಸೀಸೆಯಲ್ಲಿ ತುಂಬಿಕೊಂಡು ಬಂದರು. ಅದೇ ವರ್ಷ ಇಂಗ್ಲೆಂಡಿಗೆ ಓದಲು ಹೋಗುವಾಗ ಅದನ್ನೂ ಜೊತೆಯಲ್ಲಿ ಒಯ್ದರು.

ಇಂಗ್ಲೆಂಡಿಗೆ ಹೋಗುವ ಮುಂಚಿನ ಒಂದು ಸಂಗತಿ ಹೇಳುತ್ತಾರೆ. ಕಾಲೇಜಿನ ಪರೀಕ್ಷೆಯಲ್ಲಿ ಸಸ್ಯಶಾಸ್ತ್ರದ ಪ್ರಶ್ನೆಪತ್ರಿಕೆ ಕೈಗೆ ಬಂದಾಗ, ಅದು ಹಿಂದೊಂದು ವರ್ಷ ಕೊಟ್ಟದ್ದೇ ಮತ್ತೆ ಬಂದಿದೆ ಎಂದು ಬೀರಬಲ್ ಅವರಿಗೆ ಗೊತ್ತಾಯಿತಂತೆ. ಉತ್ತರ ಬರೆಯದೆ ಎದ್ದು ಹೊರಗೆ ಬಂದುಬಿಟ್ಟರು. ಆಮೇಲೆ ಅವರಿಗೆ ಹೊಸ ಪ್ರಶ್ನೆಪತ್ರಿಕೆ ಕೊಟ್ಟು ಮತ್ತೆ ಪರೀಕ್ಷೆ ಮಾಡಿದರಂತೆ. ಹಳೇ ಪ್ರಶ್ನೆ ಬಂದರೆ ನಾವಾದರೆ ದೇವರಿಗೆ ಕಾಯಿ ಒಡೆಸುತ್ತಿದ್ದೆವು.

ಮಗ ಐ.ಸಿ.ಎಸ್. ಪಾಸು ಮಾಡಿ ದೊಡ್ಡ ಅಧಿಕಾರಿಯಾಗಲಿ ಅಂತ ಅಪ್ಪನ ಆಸೆ. ಮಗನಿಗೆ ಗಿಡಮರಗಳೇ ಬೇಕು. ನೀವು ಆಜ್ಞೆ ಮಾಡಿದರೆ ಹೋಗುತ್ತೇನೆ, ನನ್ನನ್ನು ಕೇಳಿದರೆ ಸಸ್ಯಶಾಸ್ತ್ರ ಓದುತ್ತೇನೆ ಅಂತ ಹೇಳಿದರಂತೆ. ಅಪ್ಪ ಕಡೆಗೆ ಒಪ್ಪಿಕೊಂಡರು. ಹೀಗೆ ಕೇಂಬ್ರಿಜ್‌ನ ಇಮ್ಯಾನುಯೆಲ್ ಕಾಲೇಜು ಸೇರಿದರು. ಅಲ್ಲಿ ಎ.ಸಿ. ಸೀವರ್ಡ್ ಎಂಬ ಗುರು ಸಿಕ್ಕರು. ಸೀವರ್ಡ್ ಅವರು ಪಳೆಯುಳಿಕೆ ಸಸ್ಯಗಳಲ್ಲಿ ದೊಡ್ಡ ವಿದ್ವಾಂಸರು. ಪಳೆಯುಳಿಕೆ ಎಂದರೆ ಲಕ್ಷ ಕೋಟಿ ವರ್ಷಗಳ ಹಿಂದಿನ ಎಲೆ, ಕಾಂಡ, ಬೀಜ, ಮೂಳೆ ಇವು ಮಣ್ಣಿನಲ್ಲಿ ಹೂತು ಕಲ್ಲಾದದ್ದು ಅಥವಾ ಕಲ್ಲಿನಲ್ಲಿ ಅಚ್ಚಾದದ್ದು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. 1915ರಲ್ಲಿ, ಇನ್ನೂ 24 ತುಂಬುವ ಮೊದಲು, ಸಾಹ್ನಿಯವರು ಒಂದು ಚಿಕ್ಕ ಲೇಖನ ಪ್ರಕಟಿಸಿದರು. ಎರಡು ಮೂರು ಪುಟದ್ದು ಅಷ್ಟೇ. ಅದು ಗಿಂಕ್ಗೋ ಎಂಬ ಮರದ ಬಗ್ಗೆ. ಚೀನಾ ದೇಶದ ಮರ ಅದು. ಎಲೆ ನೋಡಲು ಬೀಸಣಿಗೆ ಥರ. ಡೈನೋಸಾರ್‌ಗಳು ಓಡಾಡುತ್ತಿದ್ದ ಕಾಲದಲ್ಲೇ ಈ ಮರದ ವಂಶ ಇತ್ತು. ದಾಸವಾಳದ ಹಾಗೆ ಇದಕ್ಕೆ ಹೂ ಬಿಡುವುದಿಲ್ಲ. ಮುಂದೆ ಬೀಜವಾಗುವ ಅಂಡಕ ಬರಿಮೈಯಲ್ಲೇ ಕೊಂಬೆಯ ಮೇಲೆ ಇರುತ್ತದೆ. ಅದರ ಬಾಯಲ್ಲಿ ಒಂದು ಅಂಟು ಹನಿ. ಗಾಳಿಯಲ್ಲಿ ಬಂದ ಪರಾಗ ಆ ಹನಿಗೆ ಅಂಟಿಕೊಂಡು ಒಳಕ್ಕೆ ಹೋಗುತ್ತದೆ. ಸಾಹ್ನಿಯವರು ಸೂಕ್ಷ್ಮದರ್ಶಕದಲ್ಲಿ ಅಂಡಕದ ಒಳಗೆ ನೋಡಿದರು. ಗಿಂಕ್ಗೋ ಪರಾಗವಲ್ಲದೆ ಬೇರೆ ಗಿಡದ ಪರಾಗವೂ ಒಳಗೆ ಸೇರಿಕೊಂಡಿತ್ತು!

ಅದಕ್ಕೇನಂತೆ, ಗಾಳಿಗೆ ಬಂದು ಬಿದ್ದಿರುತ್ತೆ ಅಂತ ನಾನೂ ಅಂದುಕೊಂಡೆ. ಆದರೆ ಮೇಷ್ಟ್ರು ಬಿಡಿಸಿ ಹೇಳಿದ ಮೇಲೆ ಅದರ ಮಹತ್ವ ಗೊತ್ತಾಯ್ತು. ಕಲ್ಲಾದ ಬೀಜದ ಒಳಗೆ ಪರಾಗ ಸಿಕ್ಕಿದರೆ ವಿಜ್ಞಾನಿಗಳು ಅದನ್ನು ಆ ಗಿಡದ್ದೇ ಪರಾಗ ಅಂತ ತಿಳಿದುಬಿಡುತ್ತಾರೆ. ಜೀವಂತ ಮರದಲ್ಲೇ ಹೊರಗಿನ ಪರಾಗ ಒಳಗೆ ನುಗ್ಗಿರುವಾಗ, ಕೋಟಿ ವರ್ಷದ ಹಿಂದಿನ ಬೀಜವನ್ನು ನೋಡಿ ಹಾಗೆ ನಂಬುವುದು ಹೇಗೆ? ಒಳಗೆ ಸಿಕ್ಕಿದ್ದೆಲ್ಲ ಮನೆಯವರಲ್ಲ, ನೆಂಟರೂ ಇರಬಹುದು, ಹುಷಾರು. ಅದು ಲೇಖನದ ತಿರುಳು. (ನೆಂಟರು ಎನ್ನುವುದು ನನ್ನ ಮಾತು.)

ಮರುವರ್ಷ 1916ರಲ್ಲಿ ಸ್ವೀಡನ್ ದೇಶದ ಲೆನ್ನಾರ್ಟ್ ಫಾನ್ ಪೋಸ್ಟ್ ಎಂಬ ಭೂವಿಜ್ಞಾನಿ ಪರಾಗದಿಂದಲೇ ಇನ್ನೊಂದು ದೊಡ್ಡ ಕೆಲಸ ತೋರಿಸಿದರು. ಜವುಗು ನೆಲವನ್ನು ಆಳಕ್ಕೆ ಕೊರೆದು, ಒಂದೊಂದು ಪದರದಲ್ಲೂ ಯಾವ ಮರದ ಪರಾಗ ನೂರಕ್ಕೆ ಎಷ್ಟಿದೆ ಅಂತ ಎಣಿಸಿ ನಕ್ಷೆ ಮಾಡಿದರು. ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು. ಆ ನಕ್ಷೆ ನೋಡಿದರೆ ಸಾವಿರಾರು ವರ್ಷದಲ್ಲಿ ಅಲ್ಲಿಯ ಕಾಡು ಹೇಗೆ ಬದಲಾಯಿತು, ಯಾವಾಗ ಚಳಿ ಇತ್ತು, ಯಾವಾಗ ಬೆಚ್ಚಗಾಯಿತು ಎಂದು ತಿಳಿಯುತ್ತಿತ್ತು. ಅಂದಿನ ಕ್ರಿಸ್ಟಿಯಾನಿಯಾ, ಈಗಿನ ಓಸ್ಲೋ ನಗರದಲ್ಲಿ ನಡೆದ ಸಭೆಯಲ್ಲಿ ಅವರು ಇದನ್ನು ವಿವರಿಸಿದರು.

ಇದು ಹೇಗೆ ಸಾಧ್ಯ ಅಂತ ನಮ್ಮ ಊರಿನ ಉದಾಹರಣೆಯಿಂದ ಹೇಳುತ್ತೇನೆ. ಮುಸುಕಿನ ಜೋಳದ ತುದಿಯ ಹೂ ಅಲ್ಲಾಡಿಸಿದರೆ ಹಳದಿ ಪುಡಿ ಉದುರುತ್ತದಲ್ಲ, ಅದು ಪರಾಗ. ಒಂದು ಪರಾಗದ ಕಣ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ನೂರನೇ ಎರಡು ಭಾಗದಿಂದ ಐದು ಭಾಗ ಇರುತ್ತದೆ. ಜೋಳದ್ದು ಅದಕ್ಕಿಂತ ದಪ್ಪ, ಸುಮಾರು ಹತ್ತನೇ ಒಂದು ಭಾಗ. ಅದರ ಹೊರಸಿಪ್ಪೆ ಎಷ್ಟು ಗಟ್ಟಿ ಎಂದರೆ, ಕಲ್ಲು ಕರಗಿಸುವ ಆಮ್ಲದಲ್ಲಿ ಹಾಕಿದರೂ ಕರಗುವುದಿಲ್ಲ. ಗಾಳಿ ಆಡದ ಕೆಸರಿನಲ್ಲಿ ಸಾವಿರಾರು ವರ್ಷವಾದರೂ ಕೊಳೆಯುವುದಿಲ್ಲ. ಪ್ರತಿ ಜಾತಿಯ ಗಿಡದ ಪರಾಗಕ್ಕೂ ಅದರದೇ ಆಕಾರ. ಹುಲ್ಲಿನ ಜಾತಿಯದು ದುಂಡಗೆ, ಅದಕ್ಕೆ ಒಂದೇ ತೂತು. ಪೈನ್ ಮರದ್ದಕ್ಕೆ ಎರಡು ಗಾಳಿಬುರುಡೆ. ದಾಸವಾಳದ್ದರ ಮೈತುಂಬಾ ಮುಳ್ಳು. ಕೆರೆಯ ಮೇಲೆ ವರ್ಷ ವರ್ಷವೂ ಪರಾಗ ಬಿದ್ದು, ಕೆಸರಿನ ಜೊತೆ ತಳಕ್ಕೆ ಕೂರುತ್ತದೆ. ಯಾರೂ ಕಲಕದಿದ್ದರೆ ಕೆರೆಯ ತಳ ಒಂದು ಪುಸ್ತಕದ ಥರ. ಕೊಳವೆ ಇಳಿಸಿ ಕೆಸರನ್ನು ಹಾಗೇ ಮೇಲಕ್ಕೆತ್ತಿ, ಆಮ್ಲದಲ್ಲಿ ಮಣ್ಣನ್ನೆಲ್ಲ ಕರಗಿಸಿ, ಉಳಿದ ಪರಾಗವನ್ನು ಎಣಿಸುತ್ತಾರೆ. ಒಂದೊಂದು ಪದರದಲ್ಲಿ ನೂರಾರು ಕಣ ಎಣಿಸಬೇಕು. ಇದರಲ್ಲೂ ಒಂದು ತೊಡಕಿದೆ. ಗಾಳಿಗೆ ಪರಾಗ ತೂರುವ ಗಿಡಗಳದು ರಾಶಿ ಸಿಗುತ್ತದೆ, ಜೇನುನೊಣ ಒಯ್ಯುವ ಹೂಗಳದು ಕಡಿಮೆ. ಆದ್ದರಿಂದ ಎಣಿಸಿದ ಲೆಕ್ಕವೇ ಕಾಡಿನ ಲೆಕ್ಕವಲ್ಲ.

ಇದನ್ನು ಓದಿದ ಮೇಲೆ ನಾನು ಸುಮ್ಮನಿರಲಿಲ್ಲ. ಈ ಸಲ ನಮ್ಮ ಕೆರೆಗೆ ನೀರು ಬಂದಿಲ್ಲ. ಗೋಡು ತೆಗೆದ ಗುಂಡಿಯ ಗೋಡೆಯಲ್ಲಿ ಕಪ್ಪು, ಬೂದು, ಮರಳು ಅಂತ ಪದರಗಳು ಕಾಣುತ್ತವೆ, ಬೇಕಾದರೆ ಹೋಗಿ ನೋಡಿ. ನಾನು ಆಳುದ್ದ ಕೆಳಗಿನಿಂದ ಒಂದು ಹಿಡಿ ಗೋಡು ತಂದು, ನೀರಿನಲ್ಲಿ ಕದಡಿ, ಶಾಲೆಯ ಸೂಕ್ಷ್ಮದರ್ಶಕದ ಗಾಜಿನ ಮೇಲೆ ಒಂದು ತೊಟ್ಟು ಬಿಟ್ಟು ನೋಡಿದೆ. ಹಳದಿ ದುಂಡನೆಯ ಕಣಗಳು! ಒಂದಲ್ಲ, ಏಳು. ನಮ್ಮಜ್ಜನ ಕಾಲದ ಪರಾಗ ಸಿಕ್ಕಿತು ಅಂತ ಕೂಗಿಕೊಂಡೆ. ಆರನೇ ತರಗತಿಯವರೂ ಓಡಿ ಬಂದರು. ಮೇಷ್ಟ್ರು ಏನೂ ಹೇಳಲಿಲ್ಲ. ಇನ್ನೊಂದು ಗಾಜು ತೆಗೆದು, ಗೋಡು ಹಾಕದೆ ಬರೀ ನೀರು ಬಿಟ್ಟು, ಕಿಟಕಿ ಹತ್ತಿರ ಇಟ್ಟು, ಸ್ವಲ್ಪ ಹೊತ್ತಾದ ಮೇಲೆ ನೋಡು ಅಂದರು. ಅದರಲ್ಲೂ ಅದೇ ಕಣಗಳು. ಶಾಲೆಯ ಹಿಂದಿನ ಹೊಲದಲ್ಲಿ ಜೋಳ ಹೂ ಬಿಟ್ಟಿತ್ತು. ಕಿಟಕಿ ತೆಗೆದಿತ್ತು. ಎಲ್ಲರ ಮುಂದೆ ನನ್ನ ಮುಖ ಸಪ್ಪಗಾಯಿತು. ಇದನ್ನು ಬರೆಯಬಾರದು ಅಂತಿದ್ದೆ. ಆದರೆ ಮುಂದಿನ ಕಥೆಗೆ ಇದು ಬೇಕು.

ಸಾಹ್ನಿಯವರು 1919ರಲ್ಲಿ ಲಂಡನ್ ವಿಶ್ವವಿದ್ಯಾಲಯದ ಡಿ.ಎಸ್‌ಸಿ. ಪದವಿ ಪಡೆದು ಭಾರತಕ್ಕೆ ಮರಳಿದರು. ಜಲಿಯನ್‌ವಾಲಾ ಬಾಗಿನ ಹತ್ಯಾಕಾಂಡ ನಡೆದ ವರ್ಷ ಅದು. ಸಾಹ್ನಿಯವರು ಖಾದಿ ತೊಡುತ್ತಿದ್ದರು. 1920ರಲ್ಲಿ ಸಾವಿತ್ರಿ ಅವರ ಜೊತೆ ಮದುವೆಯಾಯಿತು. ಬನಾರಸ್, ಲಾಹೋರ್‌ಗಳಲ್ಲಿ ಸ್ವಲ್ಪ ದಿನ ಪಾಠ ಹೇಳಿ, 1921ರಲ್ಲಿ ಲಖನೌ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗದ ಮುಖ್ಯಸ್ಥರಾದರು. ಸಾಯುವ ತನಕ ಲಖನೌ ಬಿಡಲಿಲ್ಲ. 1936ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ ಆದರು. 1940ರಲ್ಲಿ ಮದ್ರಾಸಿನಲ್ಲಿ ನಡೆದ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿಗೆ ಅಧ್ಯಕ್ಷರು. ಸಿತಾರ್, ಪಿಟೀಲು ಎರಡೂ ನುಡಿಸುತ್ತಿದ್ದರು. ಜೇಡಿಮಣ್ಣಿನಲ್ಲಿ ಗೊಂಬೆ ಮಾಡುತ್ತಿದ್ದರು. ರೋಹ್ಟಕ್ ಹತ್ತಿರದ ಒಂದು ದಿಬ್ಬದಲ್ಲಿ ಸುತ್ತಿಗೆ ಹಿಡಿದು ಓಡಾಡುವಾಗ ಪುರಾತನ ಕಾಲದಲ್ಲಿ ನಾಣ್ಯ ಎರಕ ಹೊಯ್ಯುತ್ತಿದ್ದ ಮಣ್ಣಿನ ಅಚ್ಚುಗಳನ್ನು ಕಂಡುಹಿಡಿದು ಅದರ ಮೇಲೂ ಒಂದು ಪುಸ್ತಕ ಬರೆದರು. ಒಬ್ಬರಿಗೆ ಇಷ್ಟೆಲ್ಲ ಹೇಗೆ ಸಮಯ ಸಿಗುತ್ತಿತ್ತೋ.

ಆಗಿನ ಬಿಹಾರದ, ಈಗಿನ ಜಾರ್ಖಂಡದ ರಾಜಮಹಲ್ ಬೆಟ್ಟಗಳ ಕಲ್ಲಿನಲ್ಲಿ ಅವರಿಗೆ ಅನೇಕ ಅಳಿದುಹೋದ ಗಿಡಗಳು ಸಿಕ್ಕವು. ಅದರಲ್ಲಿ ಒಂದಕ್ಕೆ 1932ರಲ್ಲಿ ತಮ್ಮ ಗುರು ಸೀವರ್ಡ್ ಅವರ ಹೆಸರು ಸೇರಿಸಿ ವಿಲಿಯಮ್ಸೋನಿಯ ಸೀವರ್ಡಿಯಾನ ಎಂದು ಕರೆದರು. ಕಲ್ಲನ್ನು ತೆಳ್ಳಗೆ ಸೀಳಿ, ಬೆಳಕು ತೂರುವಷ್ಟು ಉಜ್ಜಿ, ಒಳಗಿನ ಕಾಂಡ ನೋಡಬೇಕು. ಅದು ತಾಳ್ಮೆಯ ಕೆಲಸ.

ದಖ್ಖನ್ನಿನ ಕಪ್ಪು ಕಲ್ಲಿನ ಬಗ್ಗೆಯೂ ಅವರು ಬಹಳ ಬರೆದಿದ್ದಾರೆ. ನಮ್ಮ ವಿಜಯಪುರ, ಬೀದರ, ಕಲಬುರಗಿ ಕಡೆಯ ಎರೆಮಣ್ಣು ಈ ಕಲ್ಲಿನಿಂದಲೇ ಆದದ್ದು. ಸುಮಾರು ಆರೂವರೆ ಕೋಟಿ ವರ್ಷದ ಹಿಂದೆ ನೆಲ ಬಿರಿದು ಲಾವಾ ಹರಿಯಿತು. ಒಂದು ಸಲ ಹರಿದು ತಣ್ಣಗಾದ ಮೇಲೆ ಇನ್ನೊಂದು ಸಲ ಹರಿಯುವ ಮಧ್ಯೆ ತುಂಬಾ ವರ್ಷ ಬಿಡುವು. ಆ ಬಿಡುವಿನಲ್ಲಿ ಕಲ್ಲಿನ ಮೇಲೆ ಕೆರೆಗಳಾಗಿ, ಗಿಡ ಬೆಳೆದು, ಮತ್ತೆ ಲಾವಾದ ಕೆಳಗೆ ಮುಚ್ಚಿಹೋದವು. ಮಧ್ಯಪ್ರದೇಶದಲ್ಲಿ ಅಂಥ ಕೆರೆಯ ಕಲ್ಲಿನಲ್ಲಿ ಸಾಹ್ನಿ ಮತ್ತು ಅವರ ಜೊತೆಗಾರ ರಾವ್ ಅವರಿಗೆ ಅಜೋಲಾ ಸಿಕ್ಕಿತು, ಅದನ್ನು ಪ್ರಕಟಿಸಿದರು. ಹೌದು, ನಮ್ಮಲ್ಲಿ ಕೆಲವರು ತೊಟ್ಟಿಯಲ್ಲಿ ಬೆಳೆಸಿ ಹಸುವಿಗೆ ಹಾಕುವ ಅದೇ ಅಜೋಲಾದ ಹಿರಿಯರು. ಅಜೋಲಾ ಇದ್ದಲ್ಲಿ ನಿಂತ ಸಿಹಿನೀರು ಇರಲೇಬೇಕು. ಒಂದು ಪುಟ್ಟ ಗಿಡ ಸಿಕ್ಕಿದರೆ ಒಂದು ಕೆರೆಯೇ ಸಿಕ್ಕಿದ ಹಾಗೆ.

ಇನ್ನು ಕಾಶ್ಮೀರದ ಕೆರೆ. ಬಹಳ ಹಿಂದೆ ಕಾಶ್ಮೀರ ಕಣಿವೆಯಲ್ಲಿ ಒಂದು ದೊಡ್ಡ ಸರೋವರ ಇತ್ತು. ಅದರ ತಳದ ಜೇಡಿಮಣ್ಣನ್ನು ಅಲ್ಲಿಯವರು ಕರೇವಾ ಅನ್ನುತ್ತಾರೆ, ಅದರ ಮೇಲೆ ಈಗ ಕೇಸರಿ ಬೆಳೆಯುತ್ತಾರೆ. ಈ ಕೆರೆಮಣ್ಣು ಕಣಿವೆಯಲ್ಲಿ ಮಾತ್ರವಲ್ಲ, ಪಕ್ಕದ ಪೀರ್ ಪಂಜಾಲ್ ಬೆಟ್ಟದ ಮೈಮೇಲೆ ಬಹಳ ಎತ್ತರದಲ್ಲೂ ಇದೆ. ಅದರೊಳಗೆ ಸಿಕ್ಕ ಎಲೆಗಳು ಈಗ ಅಷ್ಟು ಎತ್ತರದ ಚಳಿಯಲ್ಲಿ ಬೆಳೆಯದ ಗಿಡಗಳವು. ಇದಕ್ಕೆ ಎರಡು ಉತ್ತರ ಇರಬಹುದು. ಒಂದು, ಆಗ ವಾಯುಗುಣ ಈಗಿಗಿಂತ ಬೆಚ್ಚಗಿತ್ತು. ಎರಡು, ಆಗ ಆ ಜಾಗ ಕೆಳಗಿತ್ತು, ಬೆಟ್ಟವೇ ಆಮೇಲೆ ಮೇಲೆದ್ದಿತು. ನಿಂತ ನೀರು ಬೆಟ್ಟದ ಇಳಿಜಾರಿನ ಮೇಲೆ ಕೂರುವುದಿಲ್ಲವಲ್ಲ. ಸಾಹ್ನಿಯವರು ಎರಡನೆಯದನ್ನು ಹಿಡಿದರು. ಅದೂ ಮನುಷ್ಯರು ಭೂಮಿಯ ಮೇಲೆ ಬಂದ ನಂತರವೂ ಹಿಮಾಲಯ ಏಳುತ್ತಲೇ ಇತ್ತು ಎಂದರು. ಈ ಲೇಖನಗಳು 1936ರಲ್ಲಿ ನಮ್ಮ ಬೆಂಗಳೂರಿನಿಂದ ಹೊರಡುವ ಕರೆಂಟ್ ಸೈನ್ಸ್ ಪತ್ರಿಕೆಯಲ್ಲೇ ಬಂದವು. ಹಿಮಾಲಯ ಈಗಲೂ ಮೇಲೇಳುತ್ತಿದೆ ಅಂತ ನಮ್ಮ ಸಮಾಜ ಪಾಠದಲ್ಲೂ ಓದಿದ್ದೇವೆ.

ಈಗ ಉಪ್ಪಿನ ಬೆಟ್ಟ. ಈ ಭಾಗವನ್ನು ಬಿಟ್ಟುಬಿಡು ಅಂತ ನನ್ನ ಪಕ್ಕ ಕೂರುವ ಗೆಳತಿ ಹಟ ಹಿಡಿದಳು. ದೊಡ್ಡವರ ಜೀವನ ಚರಿತ್ರೆಯಲ್ಲಿ ಒಳ್ಳೆಯದನ್ನೇ ಬರೆಯಬೇಕು, ಗೋಡೆಗೆ ಅಂಟಿಸಿದರೆ ಊರೆಲ್ಲ ಓದುತ್ತಾರೆ ಅಂತ ಅವಳ ವಾದ. ಮೇಷ್ಟ್ರನ್ನು ಕೇಳಿದೆವು. ನಿನ್ನ ಲೇಖನ, ನೀನೇ ಯೋಚನೆ ಮಾಡು ಅಂದುಬಿಟ್ಟರು. ಎರಡು ದಿನ ಯೋಚನೆ ಮಾಡಿ ಬರೆಯುತ್ತಿದ್ದೇನೆ.

ಸಾಹ್ನಿಯವರ ಹುಟ್ಟೂರಿನ ಹತ್ತಿರದ ಆ ಉಪ್ಪು ಎಷ್ಟು ಹಳೆಯದು ಅಂತ ವಿಜ್ಞಾನಿಗಳಲ್ಲಿ ದೊಡ್ಡ ಜಗಳ ಇತ್ತು. ಬೆಟ್ಟ ಸುತ್ತಿ ಪದರ ಪದರ ನೋಡಿದ ಇ.ಆರ್. ಜೀ ಅವರಂಥ ಭೂವಿಜ್ಞಾನಿಗಳು, ಉಪ್ಪಿನ ಮೇಲೆ ಕೂತಿರುವ ಕಲ್ಲೇ 50 ಕೋಟಿ ವರ್ಷಕ್ಕಿಂತ ಹಳೆಯದು, ಆದ್ದರಿಂದ ಕೆಳಗಿನ ಉಪ್ಪು ಇನ್ನೂ ಹಳೆಯದು ಎಂದರು. ಸಾಹ್ನಿಯವರು ಉಪ್ಪಿನ ತುಂಡುಗಳನ್ನು ತಂದು ಕರಗಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಉಪ್ಪಿನ ಜೊತೆಯ ಕಲ್ಲುಗಳನ್ನೂ ನೋಡಿದರು. ಅವುಗಳಲ್ಲಿ ಮರದ ಸಣ್ಣ ಚೂರುಗಳು, ಕೀಟದ ಚೂರುಗಳು ಇದ್ದವು. ಕೆಲವು ಚೂರು ಹೂ ಬಿಡುವ ಮರಗಳವು. 50 ಕೋಟಿ ವರ್ಷದ ಹಿಂದೆ ಭೂಮಿಯ ಮೇಲೆ ಮರವೇ ಇರಲಿಲ್ಲ, ಹೂವಂತೂ ಇಲ್ಲವೇ ಇಲ್ಲ. ಆದ್ದರಿಂದ ಉಪ್ಪು ಸುಮಾರು 5 ಕೋಟಿ ವರ್ಷದ್ದು ಮಾತ್ರ, ಹಳೆಯ ಕಲ್ಲು ಭೂಮಿಯ ಒತ್ತಡದಿಂದ ಜರುಗಿ ಬಂದು ಹೊಸ ಉಪ್ಪಿನ ಮೇಲೆ ಕೂತಿದೆ ಅಂತ ಅವರ ಕಡೆಯ ವಾದ. ಹತ್ತು ಪಟ್ಟು ವ್ಯತ್ಯಾಸ! 1944, 1945ರಲ್ಲಿ ಇದಕ್ಕಾಗಿಯೇ ವಿಚಾರ ಸಂಕಿರಣಗಳು ನಡೆದವು. ಹೊರಗಿನ ಧೂಳು ಸೇರದಂತೆ ಸಾಹ್ನಿಯವರು ಬಹಳ ಎಚ್ಚರ ವಹಿಸಿದ್ದರು. ಅವರು ಬದುಕಿರುವಾಗ ಜಗಳ ತೀರಲಿಲ್ಲ.

ಆಮೇಲೆ ತೀರಿತು. ಬೆಟ್ಟ ಸುತ್ತಿದವರ ಮಾತೇ ಸರಿ ಎಂದಾಯಿತು. ಆ ಉಪ್ಪು 50 ಕೋಟಿ ವರ್ಷಕ್ಕಿಂತ ಹಳೆಯದು ಅಂತ ಈಗ ಎಲ್ಲರೂ ಒಪ್ಪುತ್ತಾರೆ. ಹಾಗಾದರೆ ಆ ಚೂರುಗಳು? ಹೊರಗಿನಿಂದ ಸೇರಿಕೊಂಡವು ಇರಬೇಕು. ಉಪ್ಪು ನೀರಿಗೆ ಕರಗಿ ಮತ್ತೆ ಗಟ್ಟಿಯಾಗುವ ವಸ್ತು, ಬಿರುಕಿನಲ್ಲಿ ಏನು ಇಳಿದರೂ ಒಳಗೆ ಇಟ್ಟುಕೊಳ್ಳುತ್ತದೆ.

ಇದನ್ನು ಓದಿದಾಗ ನನಗೆ ಬಹಳ ಬೇಜಾರಾಯಿತು. ಯಾಕೆಂದರೆ ಗಿಂಕ್ಗೋ ಅಂಡಕದಲ್ಲಿ ಹೊರಗಿನ ಪರಾಗ ಇದೆ, ಹುಷಾರು ಅಂತ ಮೊದಲ ಲೇಖನದಲ್ಲೇ ಹೇಳಿದ್ದವರು ಇವರೇ ಅಲ್ಲವೇ? ಮೂವತ್ತು ವರ್ಷದ ಮೇಲೆ ಅದೇ ಅವರನ್ನು ಹಿಡಿಯಿತು. ಪುಸ್ತಕ ಮುಚ್ಚಿಟ್ಟೆ. ಮಾರನೇ ದಿನ ನನ್ನ ಏಳು ಜೋಳದ ಕಣಗಳು ನೆನಪಾದವು. ನಾನು ಅರ್ಧ ಗಂಟೆ ಮೋಸಹೋದೆ, ಮೇಷ್ಟ್ರು ಪಕ್ಕದಲ್ಲಿದ್ದರು. ಅವರ ಪಕ್ಕದಲ್ಲಿ ಕೂತು ಬರೀ ನೀರಿನ ಗಾಜು ತೋರಿಸುವವರು ಯಾರಿದ್ದರು? ಅವರೇ ದೇಶದ ದೊಡ್ಡ ಮೇಷ್ಟ್ರು. ಅದಕ್ಕೇ ಇರಬೇಕು, ಇಂಥ ಕೆಲಸಕ್ಕೆ ಒಬ್ಬರೇ ಸಾಲದು, ಒಂದು ಮನೆ ತುಂಬ ಜನ ಬೇಕು ಅಂತ ನನಗೆ ಅನ್ನಿಸಿದ್ದು.

ಅವರಿಗೂ ಅಂಥ ಒಂದು ಮನೆ ಕಟ್ಟುವ ಆಸೆ ಮೊದಲಿನಿಂದ ಇತ್ತು. 1946ರಲ್ಲಿ ಸಾಹ್ನಿ ದಂಪತಿಗಳು ತಮ್ಮ ಹಣ, ಆಸ್ತಿ, ಪುಸ್ತಕಗಳು, ಜೀವಮಾನವೆಲ್ಲ ಕೂಡಿಟ್ಟ ಪಳೆಯುಳಿಕೆಗಳು ಎಲ್ಲವನ್ನೂ ಕೊಟ್ಟು ಲಖನೌದಲ್ಲಿ ಪುರಾತನ ಸಸ್ಯಗಳ ಸಂಸ್ಥೆ ಆರಂಭಿಸಿದರು. ಮೊದಲು ಅದು ವಿಶ್ವವಿದ್ಯಾಲಯದ ವಿಭಾಗದಲ್ಲೇ ನಡೆಯಿತು. ಅಸ್ಸಾಮಿನ ಎಣ್ಣೆ ಸಿಗುವ ಕಡೆಯ ಕಲ್ಲಿನ ಪದರಗಳನ್ನು ಅದರೊಳಗಿನ ಪರಾಗದಂಥ ಸೂಕ್ಷ್ಮ ಕಣಗಳಿಂದ ಹೊಂದಿಸಿ ನೋಡುವ ಕೆಲಸವನ್ನೂ ಸಾಹ್ನಿಯವರು ಶಿಷ್ಯರ ಜೊತೆ ಮಾಡಿದರು. ಮರುವರ್ಷ ದೇಶ ಒಡೆಯಿತು. ಹುಟ್ಟಿದ ಭೇರಾ, ಓದಿದ ಲಾಹೋರ್, ಆ ಉಪ್ಪಿನ ಬೆಟ್ಟ ಎಲ್ಲ ಗಡಿಯ ಆಚೆಗಾದವು.

ಸಂಸ್ಥೆಯ ಸ್ವಂತ ಕಟ್ಟಡದ ಶಂಕುಸ್ಥಾಪನೆ 1949ರ ಏಪ್ರಿಲ್ 3ರಂದು. ಮಾಡಿದವರು ಪ್ರಧಾನಿ ಜವಾಹರಲಾಲ್ ನೆಹರೂ. ಅವರೂ ಕೇಂಬ್ರಿಜ್‌ನಲ್ಲಿ ಸಸ್ಯಶಾಸ್ತ್ರ ಓದಿದವರೇ. ಆ ಶಂಕುಸ್ಥಾಪನೆಯ ಕಲ್ಲು ಮಾಮೂಲಿ ಕಲ್ಲಲ್ಲ. ಬೇರೆ ಬೇರೆ ದೇಶಗಳ ಪಳೆಯುಳಿಕೆಗಳನ್ನು ಜೋಡಿಸಿ ಸಾಹ್ನಿಯವರೇ ಅದನ್ನು ಮಾಡಿಸಿದ್ದರು. ಒಂದು ವಾರವೂ ತುಂಬಲಿಲ್ಲ. ಏಪ್ರಿಲ್ 9ರ ರಾತ್ರಿ ಹೃದಯಾಘಾತವಾಗಿ ತೀರಿಕೊಂಡರು. ಕೆಲವು ಪುಸ್ತಕದಲ್ಲಿ 10ನೇ ತಾರೀಖು ಅಂತ ಇದೆ, ಯಾಕೆಂದರೆ ಅದು ನಡುರಾತ್ರಿ. ವಯಸ್ಸು 57 ಅಷ್ಟೇ. ಗೋಡೆ ಎದ್ದಿರಲಿಲ್ಲ, ಬರೀ ಆ ಕಲ್ಲು ಇತ್ತು.

ಸಾವಿತ್ರಿ ಅಮ್ಮನವರು ಕೈಚೆಲ್ಲಿ ಕೂರಲಿಲ್ಲ. ಗಂಡನ ಜೊತೆ ಬೆಟ್ಟಗುಡ್ಡ ಅಲೆದಿದ್ದವರು ಅವರು. ಜವಾಬ್ದಾರಿ ಹೊತ್ತು ಕಟ್ಟಡ ಮುಗಿಸಿದರು. 1953ರ ಜನವರಿ 2ರಂದು ನೆಹರೂ ಅವರೇ ಮತ್ತೆ ಬಂದು ಅದನ್ನು ಉದ್ಘಾಟಿಸಿದರು. 1969ರವರೆಗೂ ಸಾವಿತ್ರಿಯವರೇ ಅದನ್ನು ನೋಡಿಕೊಂಡರು, ಆ ವರ್ಷ ಅವರಿಗೆ ಪದ್ಮಶ್ರೀ ಬಂತು. ನನ್ನನ್ನು ಕೇಳಿದರೆ ಮುಂದಿನ ಸಲದ ಚೀಟಿಯಲ್ಲಿ ಇವರ ಹೆಸರೂ ಇರಬೇಕು. ಈಗ ಆ ಸಂಸ್ಥೆಗೆ ಬೀರಬಲ್ ಸಾಹ್ನಿ ಪುರಾವಿಜ್ಞಾನ ಸಂಸ್ಥೆ ಎಂದು ಹೆಸರು.

ಸಾಹ್ನಿಯವರು ತೀರಿಕೊಂಡ 1949ರಲ್ಲೇ ಅಮೆರಿಕದ ಲಿಬ್ಬಿ ಮತ್ತು ಜೊತೆಗಾರರು ಹಳೆಯ ಮರ, ಇದ್ದಿಲುಗಳ ವಯಸ್ಸನ್ನು ಇಂಗಾಲದಿಂದ ಲೆಕ್ಕ ಹಾಕುವ ವಿಧಾನ ಪ್ರಕಟಿಸಿದರು. ಇನ್ನು ಸ್ವಲ್ಪ ವರ್ಷ ಬದುಕಿದ್ದರೆ ಸಾಹ್ನಿಯವರು ಕಾಶ್ಮೀರದ ಕೆರೆಗಳಿಗೆ ಮತ್ತೆ ಹೋಗುತ್ತಿದ್ದರೋ ಏನೋ. ಅವರು ಹೋಗಲಾಗಲಿಲ್ಲ, ಅವರ ಸಂಸ್ಥೆಯಲ್ಲಿದ್ದವರು ಹೋದರು. ಅಲ್ಲಿ ಕೆಲಸ ಮಾಡಿದ್ದ ಗುರದೀಪ್ ಸಿಂಗ್ ಎಂಬುವರು ರಾಜಸ್ಥಾನದ ಸಾಂಭರ್, ಡೀಡವಾನಾ, ಲೂಣಕರಣಸರ ಎಂಬ ಉಪ್ಪುಕೆರೆಗಳ ಕೆಸರಿನ ಪರಾಗ ಎಣಿಸಿದರು. ಈಗ ಮರುಭೂಮಿ ಇರುವ ಆ ಕಡೆ ಕೆಲವು ಸಾವಿರ ವರ್ಷಗಳ ಹಿಂದೆ ಈಗಿಗಿಂತ ಹೆಚ್ಚು ಮಳೆ ಇತ್ತು ಅಂತ 1970ರ ದಶಕದಲ್ಲಿ ತೋರಿಸಿದರು. ಮಳೆ ಹೆಚ್ಚಿದ್ದಾಗ ಸಿಂಧೂ ಕಣಿವೆಯ ಪಟ್ಟಣಗಳು ಬೆಳೆದವು, ಕಡಿಮೆಯಾದಾಗ ಕೆಟ್ಟವು ಅಂತ ಅವರ ಊಹೆ. 1999ರಲ್ಲಿ ಬೇರೆಯವರು ಲೂಣಕರಣಸರದ ಕೆಸರಿನ ಕಾಲವನ್ನು ಹೊಸದಾಗಿ ಅಳೆದರು. ಆ ಕೆರೆ ಒಣಗಿದ್ದು ಆ ಪಟ್ಟಣಗಳು ಜೋರಾಗಿ ಬೆಳೆಯುವ ಮೊದಲೇ ಎಂದರು. ಅಲ್ಲಿಗೆ ಆ ಊಹೆಯನ್ನೂ ತಿದ್ದಬೇಕಾಯಿತು.

ನಮ್ಮ ಕರ್ನಾಟಕದ ಲೆಕ್ಕವೂ ಒಂದಿದೆ. ಕಾರವಾರದ ಎದುರಿನ ಸಮುದ್ರದ ತಳದಿಂದ ಕೆಸರು ತೆಗೆದು ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಯವರು ಪರಾಗ ನೋಡಿದ್ದಾರೆ. ಹೊಳೆಗಳು ಘಟ್ಟದ ಕಾಡಿನ ಪರಾಗವನ್ನು ಹೊತ್ತು ತಂದು ಸಮುದ್ರಕ್ಕೆ ಬಿಟ್ಟಿರುತ್ತವೆ. ಸುಮಾರು 3500 ವರ್ಷದ ಹಿಂದಿನವರೆಗೆ ಈಗಿಗಿಂತ ತೇವ ಹೆಚ್ಚು, ಆಮೇಲೆ ಕಡಿಮೆಯಾಯಿತು ಅಂತ 1994ರಲ್ಲಿ ಬರೆದರು. ನಮ್ಮ ಕೆರೆಗೆ ಈ ಸಲ ನೀರು ಬರಲಿಲ್ಲ ಅಂತ ದೊಡ್ಡವರೆಲ್ಲ ಕಟ್ಟೆಯ ಮೇಲೆ ಕೂತು ಮಾತಾಡುತ್ತಾರೆ. ಹಿಂದೆ ಎಷ್ಟು ಸಲ ಹೀಗಾಗಿತ್ತು ಅಂದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಗೋಡೆಯಲ್ಲಿ ಜಾಗ ಮುಗಿಯುತ್ತಾ ಬಂತು. ಮೇಲಿನ ಸಾಹ್ನಿಯವರ ಚಿತ್ರ ಬರೆದದ್ದು ನನ್ನ ಆ ಗೆಳತಿಯೇ. ಉಪ್ಪಿನ ವಿಷಯ ಬರೆದದ್ದಕ್ಕೆ ಅವಳು ಇನ್ನೂ ಒಪ್ಪಿಲ್ಲ. ಆದರೂ ಕೆಳಗೆ ಎರಡು ಪರಾಗದ ಚಿತ್ರವನ್ನೂ ಬರೆದುಕೊಟ್ಟಿದ್ದಾಳೆ. ಎರಡು ಬುರುಡೆ ಇರುವುದು ಪೈನ್, ದುಂಡಗೆ ಒಂದು ತೂತಿರುವುದು ನಮ್ಮ ಜೋಳ, ಕಿಟಕಿಯಿಂದ ಬಂದದ್ದು.